ಮೂರು ಒಳಲೆ ಹಾಲು

ಹೊಸಪೇಟೆಯ ಆ ಬೆಳ್ಳಿ ಅಂಗಡಿಯವನು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಕಳೆದ ತಿಂಗಳು ಮಟಮಟ ಮಧ್ಯಾಹ್ನ ಅವನ ಗಾಜಿನ ಮೇಜಿನ ಮೇಲೆ ಐದು ಬೆಳ್ಳಿ ಒಳಲೆಗಳನ್ನು ಸಾಲಾಗಿ ಇಡಿಸಿದೆ. ಚೀಲದಿಂದ ಸೂಜಿ ಇಲ್ಲದ ಸಿರಿಂಜು ತೆಗೆದು, ಕುಡಿಯುವ ನೀರಿನ ಬಾಟಲಿ ಕೇಳಿದೆ. ಒಳಲೆ ಎಂದರೆ ಕೂಸುಗಳಿಗೆ ಹಾಲೋ ಔಷಧವೋ ಕುಡಿಸುವ, ಮುಂದೆ ಕೊಕ್ಕಿನಂಥ ತುದಿ ಇರುವ ಪುಟ್ಟ ಬಟ್ಟಲು. ನಮ್ಮ ಕಡೆಯ ಬಾಯಲ್ಲಿ ಅದು ಒಳ್ಳಿ.

"ಅಮ್ಮಾರ, ಇದು ನಲವತ್ತು ಗ್ರಾಮು, ಇದು ಐವತ್ತು, ಇದು ಗಟ್ಟಿ ಮಾಲು ನೋಡ್ರಿ," ಎಂದು ಅಂಗಡಿಯವನು ಶುರು ಮಾಡಿದ.

"ತೂಕ ಕೇಳ್ಲಿಲ್ಲಪ್ಪ. ಎಷ್ಟು ಹಿಡೀತೈತಿ ಹೇಳು."

"ಏನು ಹಿಡೀತೈತ್ರಿ?"

"ಹಾಲು."

ಅವನು ನನ್ನ ಪಕ್ಕದಲ್ಲಿದ್ದ ಮಲ್ಲಣ್ಣನ ಮುಖ ನೋಡಿದ. ಮಲ್ಲಣ್ಣ ಗಡ್ಡ ನೆರೆತ ಮನುಷ್ಯ, ಮೊದಲೇ ಮಾತು ಕಡಿಮೆ. ಅಂದು ನನ್ನನ್ನು ಅಂಗಡಿಗೆ ಕರೆಸಿಕೊಂಡವನು ಅವನೇ. ಮಗಳಿಗೆ ಗಂಡು ಕೂಸು ಹುಟ್ಟಿದೆ, ಬರುವ ವಾರ ತೊಟ್ಟಿಲ ಶಾಸ್ತ್ರ, "ನೀವು ಅಳೀದ ನಾ ಒಳ್ಳಿ ತರೂದಿಲ್ರಿ ಸಿಸ್ಟರ್" ಎಂದು ಫೋನು ಮಾಡಿದ್ದ. ಅಂಗಡಿಯ ಹಿಂಭಾಗದಲ್ಲಿ ಯಾರೋ ಕುಳಿತು ಅಂಟುವಾಳದ ನೊರೆಯಲ್ಲಿ ಬೆಳ್ಳಿ ಉಜ್ಜುತ್ತಿದ್ದರು. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಲ್ಲಣ್ಣನ ತಾಯಿ ಹನುಮಕ್ಕನ ಪಡಸಾಲೆಗೆ ಹೋಗಿಬಿಟ್ಟೆ. ಎರಡು ಸಾವಿರದ ಆರರ ಮಳೆಗಾಲಕ್ಕೆ.

ಆಗ ನಾನು ಬಂಡ್ರಿಯ ಆಚೆಗಿನ ಒಂದು ಹಳ್ಳಿಯ ಉಪಕೇಂದ್ರದಲ್ಲಿ ನರ್ಸು. ಊರಿನ ಹೆಸರು ಬೇಡ, ಈಗಲೂ ಅಲ್ಲಿ ನನ್ನನ್ನು ಕಂಡರೆ ಕಾಫಿಗೆ ಕರೆಯುವವರಿದ್ದಾರೆ. ಅದಿರಿನ ಭರಾಟೆಯ ಕಾಲ ಅದು. ಹುಣಸೆಮರದ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಒಗೆದು ಹಾಕಿದ ನನ್ನ ಬಿಳಿ ಸೀರೆಯೂ ಕೆಂಪು. ಮಳೆ ಬಂದರೆ ಧೂಳು ಅಡಗುತ್ತದೆ ಎಂದು ಕಾಯುತ್ತಿದ್ದೆವು. ಮಳೆ ಬಂದ ಮೇಲೆ ಅದೇ ಧೂಳು ಕೆಸರಾಗಿ ಮೊಣಕಾಲ ತನಕ ಏರಿತು. ಸಂಡೂರಿನಿಂದ ಹೊಸಪೇಟೆಗೆ ಹೋಗುವ ಬಸ್ಸು ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡರೆ ಒಂದು ಗಂಟೆಯ ದಾರಿ ಮೂರು ಗಂಟೆಯಾಗುತ್ತಿತ್ತು. ಊರಲ್ಲಿ ಯಾರ ಬಾಯಲ್ಲಿ ಕೇಳಿದರೂ ಟನ್ನಿನ ಮಾತು. ಇವತ್ತು ಎಷ್ಟು ಟನ್ ಹೋಯಿತು, ನಿನ್ನೆ ಎಷ್ಟು ಟನ್ ಹೋಗಿತ್ತು. ಆ ಟನ್ನುಗಳ ನಡುವೆ ನನ್ನ ಪಾಲಿಗೆ ಬಂದದ್ದು ಒಂದು ಕಿಲೋ ಏಳುನೂರು ಗ್ರಾಮಿನ ಕೂಸು.

ಹನುಮಕ್ಕನ ಮಗಳು ರೇಣುಕಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ನೋವು ಬಂದು ಹೊಸಪೇಟೆಯ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತಳು. ಎರಡು ವಾರ ಅಲ್ಲೇ ಇಟ್ಟುಕೊಂಡು ಮನೆಗೆ ಕಳಿಸಿದರು. ಕೂಸಿಗೆ ಎದೆ ಚೀಪುವ ಶಕ್ತಿ ಇರಲಿಲ್ಲ. ಎರಡು ಸಲ ಚೀಪಿ ನಿದ್ದೆ ಹೋಗುತ್ತಿತ್ತು. ಡಾಕ್ಟರ ಚೀಟಿಯಲ್ಲಿ ನನಗೆ ಆದೇಶವಿತ್ತು. ತಾಯಿಯ ಹಾಲನ್ನೇ ಹಿಂಡಿ, ಎರಡು ಗಂಟೆಗೊಮ್ಮೆ ಇಪ್ಪತ್ತು ಎಮ್ಮೆಲ್ ಕುಡಿಸಬೇಕು. ವಾರಕ್ಕೊಮ್ಮೆ ತೂಗಬೇಕು. ಜಾಸ್ತಿ ಸುರಿದರೆ ಹಾಲು ಉಸಿರಿನ ನಾಳಕ್ಕೆ ಹೋಗುತ್ತದೆ, ಎಚ್ಚರ. ಆ ಕೊನೆಯ ಮಾತಿಗೆ ಡಾಕ್ಟರು ಎರಡು ಗೆರೆ ಎಳೆದಿದ್ದರು.

"ಇಪ್ಪತ್ತು ಎಮ್ಮೆಲ್ ಅಂದ್ರ ಎಷ್ಟವ್ವ? ಒಂದು ಚಟಾಕು ಆಗ್ತೈತೇನು?" ಎಂದು ಹನುಮಕ್ಕ ಕೇಳಿದಳು.

ಚಟಾಕು ಎಂದರೆ ಅದರ ಸುಮಾರು ಮೂರರಷ್ಟು, ನನಗೆ ನಗು ಬಂತು. ಅಳತೆಯ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕಿತ್ತು ಎಂದೇ ಹೇಳಬೇಕು. ನನ್ನ ಅಪ್ಪ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಅಳೆಯುವ ಕೆಲಸದವರು. ಮೊದಲನೆಯ ಸೇರನ್ನು ಒಂದು ಎನ್ನದೆ "ಲಾಭ" ಎಂದು, ಆಮೇಲೆ ಎರಡು, ಮೂರು ಎಂದು ರಾಗವಾಗಿ ಎಣಿಸುತ್ತಿದ್ದರು. ನಾನು ಆ ರಾಗ ಕೇಳಿಯೇ ಬೆಳೆದವಳು. ಒಬ್ಬ ಗಿರಾಕಿಗೆ ಸೇರಿನ ಮೇಲೆ ಗೋಪುರ ಬರಬೇಕು, ಇನ್ನೊಬ್ಬನಿಗೆ ಬೆರಳಿನಿಂದ ಸವರಿ ಕೊಟ್ಟರೆ ಸಾಕು. ಕಂಪ್ಲಿಯ ಸೇರು ಒಂದು, ಸಂಡೂರಿನ ಕಡೆಯ ಸೇರು ಇನ್ನೊಂದು. "ಎಷ್ಟು ಸೇರು ಅಂತ ಆಮ್ಯಾಲೆ ಕೇಳು, ಮೊದ್ಲು ಯಾರ ಸೇರು ಅಂತ ಕೇಳು" ಎನ್ನುತ್ತಿದ್ದರು ಅಪ್ಪ. ನರ್ಸಿಂಗ್ ತರಬೇತಿಗೆ ಹೋದಾಗ ಅಲ್ಲಿ ಎಮ್ಮೆಲ್ ಕಲಿಸಿದರು. ಹಳೆಯ ಮೇಡಮ್ಮು ಔನ್ಸು ಎನ್ನುತ್ತಿದ್ದರು, ಒಂದು ಔನ್ಸಿಗೆ ಮೂವತ್ತು ಎಮ್ಮೆಲ್ ಎಂದು ಬಾಯಿಪಾಠ ಮಾಡಿಸಿದರು. ಹಳ್ಳಿಗೆ ಬಂದರೆ ಜನ ಕೇಳುವುದು ಎಷ್ಟು ಮುಚ್ಚಳ, ಎಷ್ಟು ಚಮಚ, ಎಷ್ಟು ಲೋಟ. ಈ ಎಲ್ಲದರಿಂದ ಎಲ್ಲದಕ್ಕೆ ಲೆಕ್ಕ ಬದಲಿಸುವ ವಿದ್ಯೆ ನನಗೆ ಕರತಲಾಮಲಕ ಎಂದು ನಾನು ನಂಬಿದ್ದೆ.

ಮೊದಲು ಅವರಿಗೊಂದು ಸಿರಿಂಜು ಕೊಟ್ಟೆ. ಇಪ್ಪತ್ತರ ಗೆರೆಗೆ ಕೆಂಪು ಶಾಯಿ ಹಚ್ಚಿದೆ. ಹನುಮಕ್ಕ ಬಹಳ ಶುಚಿಯ ಹೆಂಗಸು, ದಿನಕ್ಕೆ ನಾಲ್ಕು ಸಲ ಅದನ್ನು ಕುದಿಸಿದಳು. ಮೂರೇ ದಿನಕ್ಕೆ ಶಾಯಿ ಹೋಯಿತು, ಗೆರೆ ಮಾಸಿತು, ಒಳಗಿನ ರಬ್ಬರು ಬಿಗಿಯಾಯಿತು. ನಾಲ್ಕನೆಯ ದಿನ ಬಿಗಿಯಾದ ಸಿರಿಂಜನ್ನು ರೇಣುಕಾ ಒತ್ತಿದಾಗ ಹಾಲು ಒಮ್ಮೆಲೇ ನುಗ್ಗಿ ಕೂಸು ನೀಲಿಗಟ್ಟಿತು. ಅಂಗಳದಲ್ಲಿದ್ದ ನಾನು ಓಡಿಹೋಗಿ ಮಗುಚಿ ಹಾಕಿ ಬೆನ್ನು ತಟ್ಟಿದ ಮೇಲೆ ಅತ್ತಿತು.

ಆಮೇಲೆ ಹನುಮಕ್ಕ ದೇವರ ಗೂಡಿನಿಂದ ಒಂದು ಹಿತ್ತಾಳೆ ಒಳಲೆ ತಂದಳು. ರೇಣುಕಾ, ಮಲ್ಲಣ್ಣ ಇಬ್ಬರೂ ಅದರಲ್ಲೇ ಕುಡಿದು ಬೆಳೆದವರು. ಕೊಕ್ಕು ಸವೆದಿತ್ತು, ತಳದಲ್ಲಿ ಒಂದು ನೆಗ್ಗು. ನಾನು ಹೊಸ ಸಿರಿಂಜಿನಲ್ಲಿ ನೀರು ಎಳೆದು, ಕೊಕ್ಕಿನ ಬುಡದ ತನಕ ತುಂಬಿಸಿ ಮೂರು ಸಲ ಅಳೆದೆ. ಮೂರು ಸಲವೂ ಹತ್ತು ಎಮ್ಮೆಲ್. ಬೇಕೆಂದು ಮಾಡಿಸಿದ ಹಾಗಿತ್ತು.

"ಎರಡು ಒಳ್ಳಿ. ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ. ಕೂಸು ಬಾಯಿ ತೆಗದ್ರೂ ಮೂರನೇದು ಹಾಕಬ್ಯಾಡ," ಎಂದೆ.

"ನೀ ಹೇಳಿದ್ದು ದೇವ್ರು ಹೇಳಿದಂಗ ತಾಯಿ," ಎಂದಳು ಹನುಮಕ್ಕ. ಎರಡು ಬೆರಳು ಎತ್ತಿ ಮಗಳಿಗೆ ತೋರಿಸಿದಳು. "ಎರಡು. ತಿಳೀತಾ?"

ಕೂಸು ಚೇತರಿಸಿಕೊಂಡಿತು. ವಾರಕ್ಕೆ ನೂರೈವತ್ತು, ನೂರೆಂಬತ್ತು ಗ್ರಾಮು ಏರಿತು. ಡಾಕ್ಟರು ಮೂವತ್ತು ಎಮ್ಮೆಲಿಗೆ ಏರಿಸಿ ಎಂದರು, ನಾನು ಮೂರು ಒಳಲೆ ಎಂದೆ. ಸಂಡೂರಿನ ತಿಂಗಳ ಸಭೆಯಲ್ಲಿ ಬೇರೆ ಊರಿನ ನರ್ಸುಗಳ ಮುಂದೆ ಈ ಕತೆ ಹೇಳಿ, ಜನರ ಅಳತೆಯಲ್ಲಿ ಹೇಳಿದರೆ ಜನ ಕೇಳುತ್ತಾರೆ ಎಂದು ಭಾಷಣವನ್ನೂ ಮಾಡಿದೆ. ಅವರು ತಲೆಯಾಡಿಸಿದರು. ಒಬ್ಬಳು ಬರೆದುಕೊಂಡಳು ಕೂಡ. ಇವತ್ತು ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಕೂಸು ಎರಡು ಕಿಲೋ ನೂರು ಗ್ರಾಮು ತೂಗಿದ ವಾರ ತೊಟ್ಟಿಲಿಗೆ ಹಾಕಿದರು. ಪಂಪಾವತಿ ಎಂದು ಹೆಸರಿಟ್ಟು, ಆ ಕ್ಷಣದಿಂದಲೇ ಪಂಪಿ ಎಂದು ಕರೆದರು. ಮಲ್ಲಣ್ಣ ಆ ವರ್ಷವೇ ಟಿಪ್ಪರು ತೆಗೆದುಕೊಂಡಿದ್ದ, ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ಸೋದರಮಾವ ಎಂದ ಮೇಲೆ ಬರಿಗೈಲಿ ಬರುವುದುಂಟೇ? ಬೆಳ್ಳಿ ಒಳಲೆ ತಂದ. ಊರಿನ ಹೆಂಗಸರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ತೂಕ ನೋಡಿದರು.

"ಅಬಬ! ಏನು ಭಾರ ಐತಲೇ ಇದು!"

"ಮಾವ ಟಿಪ್ಪರ್ ಮಾಲಕ ಅಲ್ಲೇನಬೇ, ಮತ್ತ!"

ನನ್ನ ಕೈಗೂ ಬಂತು. ನಾನೂ ಅಂಗೈ ಮೇಲಿಟ್ಟು, ಭಾರ ಐತಿ ಬಿಡು, ಎಂದೆ. ಹೋಳಿಗೆ ತಿಂದು, ಎಲೆ ಅಡಿಕೆ ಹಾಕಿಕೊಂಡು ಬಂದೆ. ನನ್ನ ಚೀಲದಲ್ಲಿ ಸಿರಿಂಜು ಇತ್ತು. ಅದನ್ನು ತೆಗೆಯಬೇಕು ಎಂದು ಹೊಳೆಯಲೇ ಇಲ್ಲ.

ಮುಂದಿನ ವಾರ ಪಂಪಿಯ ತೂಕ ಇಪ್ಪತ್ತೇ ಗ್ರಾಮು ಏರಿತು. ಅದರ ಮುಂದಿನ ವಾರ ಸೊನ್ನೆ. ಮೂರನೆಯ ವಾರ ನಲವತ್ತು ಗ್ರಾಮು ಇಳಿಯಿತು.

ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಮೊದಲು ತಕ್ಕಡಿಯ ಮೇಲೆ ಅನುಮಾನ ಬಂತು. ಉಪಕೇಂದ್ರದಲ್ಲಿದ್ದದ್ದು ಜೋಳಿಗೆ ಕಟ್ಟಿ ತೂಗುವ ಮುಳ್ಳಿನ ತಕ್ಕಡಿ. ಕಿರಾಣಿ ಅಂಗಡಿಯಿಂದ ಎರಡು ಕಿಲೋ ಕಲ್ಲು ಕೇಳಿ ತಂದು ಜೋಳಿಗೆಯಲ್ಲಿಟ್ಟೆ. ಮುಳ್ಳು ಸರಿಯಾಗಿ ಎರಡರ ಮೇಲೆ ನಿಂತಿತು. ರೇಣುಕಾಳ ಹಾಲು ನೀರಾಗಿದೆಯೇ ಎಂದುಕೊಂಡೆ. ಅವಳ ಊಟ ಕೇಳಿದೆ. ಜೋಳದ ರೊಟ್ಟಿ, ಮೆಂತ್ಯ, ಬೆಳ್ಳುಳ್ಳಿ, ಹಾಲು, ಯಾವುದಕ್ಕೂ ಕಮ್ಮಿ ಇರಲಿಲ್ಲ. ಧೂಳಿಗೆ ಕೂಸಿನ ಎದೆ ಕಟ್ಟಿದೆಯೇ ಎಂದು ಕಿವಿಯಿಟ್ಟು ಕೇಳಿದೆ. ಉಸಿರು ಸ್ವಚ್ಛವಾಗಿತ್ತು. ಜ್ವರವಿಲ್ಲ, ಭೇದಿಯಿಲ್ಲ. ಹಾಗಾದರೆ ಕುಡಿದ ಹಾಲು ಎಲ್ಲಿಗೆ ಹೋಗುತ್ತಿತ್ತು?

ಕುಡಿಸುವುದನ್ನು ಕಣ್ಣಾರೆ ನೋಡೋಣ ಎಂದು ಒಂದು ಬೆಳಿಗ್ಗೆ ಹೋಗಿ ಕುಳಿತೆ. ಹನುಮಕ್ಕ ಅಂಟುವಾಳದ ನೀರಲ್ಲಿ ಬೆಳ್ಳಿ ಒಳಲೆ ಉಜ್ಜಿ, ಕುದಿಯುವ ನೀರಲ್ಲಿ ಅದ್ದಿ ತೆಗೆದಳು. ಪಂಪಿಯನ್ನು ಕಾಲ ಮೇಲೆ ಹಾಕಿಕೊಂಡು ಕೊಕ್ಕಿನ ಬುಡದ ತನಕ ತುಂಬಿ, ಹನಿ ಚೆಲ್ಲದಂತೆ ಕುಡಿಸಿದಳು. ಒಂದು. ಎರಡು. ಮೂರು. ರೇಣುಕಾ ಹಾಲು ಹಿಂಡಿಟ್ಟ ಡಬ್ಬಿಯಲ್ಲಿ ಇನ್ನೂ ಹಾಲು ಉಳಿದಿತ್ತು. ಪಂಪಿ ಬಾಯಿ ತೆರೆದು, ತಲೆಯನ್ನು ಅತ್ತ ಇತ್ತ ಹೊರಳಿಸಿ ಹುಡುಕಿತು.

"ಮೂರು ಆದ ಮ್ಯಾಲೂ ದಿನಾ ಹಿಂಗಾ ಹುಡುಕ್ತೈತವ್ವ," ಎಂದಳು ಹನುಮಕ್ಕ. "ಇನ್ನೊಂದು ಹಾಕ್ಲೇನು?"

"ಬ್ಯಾಡ!" ನಾನು ಗದರಿಸಿಯೇ ಬಿಟ್ಟೆ. "ಆವತ್ತು ನೀಲಿ ಆಗಿದ್ದು ಮರೆತ್ಯಾ? ಮೂರು ಅಂದ್ರ ಮೂರು."

"ಆತವ್ವ, ಆತು. ಉಳಿದಿದ್ದು ಗಿಡದ ಬುಡಕ್ಕ ಹಾಕ್ತೀನಿ."

ನಾನು ರಿಜಿಸ್ಟರು ತೆಗೆದು ಬರೆದುಕೊಂಡೆ: ಮೂರು ಒಳಲೆ, ಮೂವತ್ತು ಎಮ್ಮೆಲ್, ಸರಿ. ಬೆಳ್ಳಿ ನನ್ನ ಕಣ್ಣ ಮುಂದೆಯೇ ಹೊಳೆಯುತ್ತಿತ್ತು. ಉಳಿದ ಹಾಲನ್ನೂ ನೋಡಿದೆ. ಕೂಸು ಹುಡುಕಿದ್ದನ್ನೂ ನೋಡಿದೆ. ನನ್ನ ತಲೆಯಲ್ಲಿ ಒಳಲೆ ಎಂದರೆ ಹತ್ತು ಎಂದು ಒಮ್ಮೆ ಕೂತುಬಿಟ್ಟಿತ್ತು, ಯಾರ ಒಳಲೆ ಎಂದು ಕೇಳುವ ಬುದ್ಧಿ ಅಪ್ಪನ ಗಿರಣಿಯಲ್ಲೇ ಉಳಿದಿತ್ತು.

ಊರಿನವರಿಗೆ ನನ್ನಂಥ ಗೊಂದಲವಿರಲಿಲ್ಲ. ತೊಟ್ಟಿಲ ದಿನ ಯಾರದೋ ಕಣ್ಣು ಬಿತ್ತು ಎಂದು ತೀರ್ಮಾನಿಸಿ ಉಪ್ಪು ಮೆಣಸಿನಕಾಯಿ ಇಳಿತೆಗೆದರು, ಸೊಂಟಕ್ಕೆ ಕರಿದಾರ ಕಟ್ಟಿದರು. ನಾನು ಬೈಯಲಿಲ್ಲ. ಹೇಳಲು ನನ್ನ ಹತ್ತಿರ ಬೇರೆ ಕಾರಣವಿದ್ದರೆ ತಾನೇ ಬೈಯುವುದು.

ಉಪಕೇಂದ್ರದಿಂದ ಡಾಕ್ಟರಿಗೆ ಫೋನು ಮಾಡಿದೆ.

"ಎಷ್ಟು ಕೊಡ್ತಿದೀರಿ?" ಎಂದು ಕೇಳಿದರು.

"ಮೂವತ್ತು ಎಮ್ಮೆಲ್ ಸರ್, ಎರಡು ಗಂಟೆಗೊಮ್ಮೆ. ನಾನೇ ನೋಡೀನಿ."

"ಖಂಡಿತ ಮೂವತ್ತೇನಾ?"

"ಖಂಡಿತ ಸರ್."

ಆಮೇಲೆ ಅವರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಅಷ್ಟು ಕುಡಿದೂ ತೂಕ ಇಳೀತಿದೆ ಅಂದ್ರೆ ಹೃದಯದ ತೊಂದರೆ ಇರಬಹುದು ಸಿಸ್ಟರ್. ಸೋಮವಾರ ಕರ್ಕೊಂಡು ಬನ್ನಿ. ಬೆಂಗಳೂರಿಗೆ ಬರೆದುಕೊಡ್ತೀನಿ."

ಈ ಮಾತನ್ನು ಹನುಮಕ್ಕನ ಮನೆಗೆ ಹೋಗಿ ಹೇಳಬೇಕಾದವಳು ನಾನೇ. ಹೇಳಿದೆ. ರೇಣುಕಾ ಕೂಸನ್ನು ಎದೆಗೆ ಅವಚಿಕೊಂಡು ಗೋಡೆ ಕಡೆ ತಿರುಗಿ ಕುಳಿತಳು. "ಹಾಲು ಕುಡಿಯೂ ಕೂಸಿನ ಹೃದಯ ಯಾಕ ಕೆಡ್ತೈತ್ರಿ ಸಿಸ್ಟರ್?" ಎಂದು ಗೋಡೆಯನ್ನೇ ಕೇಳಿದಳು. ಮಲ್ಲಣ್ಣ ಟಿಪ್ಪರಿನ ಕೀಲಿಯನ್ನು ಗೂಟಕ್ಕೆ ನೇತುಹಾಕಿ, ಸೋಮವಾರ ಬಾಡಿಗೆ ಬ್ಯಾಡ, ನಾನೂ ಬರ್ತೀನಿ, ಎಂದ. ನನಗೆ ಭಯವಾಗಿತ್ತು. ಭಯಕ್ಕಿಂತ ಹೆಚ್ಚಾಗಿ ಏನೂ ಅರ್ಥವಾಗದೆ ಮಂಕು ಬಡಿದಿತ್ತು. ಆ ಮೂರು ದಿನ ರಿಜಿಸ್ಟರು ಬಿಚ್ಚಿ ಬಿಚ್ಚಿ ಲೆಕ್ಕ ಮಾಡಿದೆ. ಹನ್ನೆರಡು ಸಲ ಮೂವತ್ತು, ಮುನ್ನೂರ ಅರವತ್ತು. ಔನ್ಸಿಗೆ ಬದಲಿಸಿದೆ, ಹನ್ನೆರಡು ಔನ್ಸಾಯಿತು. ಅಪ್ಪನ ನೆನಪಿಗೆ ಪಾವಿಗೂ ಬದಲಿಸಿ ನೋಡಿದೆ. ಯಾವ ಅಳತೆಯಲ್ಲಿ ಇಟ್ಟರೂ ಹಾಲು ಸಾಲಬೇಕು. ಲೆಕ್ಕ ತಪ್ಪಿರಲಿಲ್ಲ, ಕೂಸು ಮಾತ್ರ ಸೊರಗುತ್ತಿತ್ತು.

ಸೋಮವಾರ ಬೆಳಿಗ್ಗೆ ಮಳೆಯಲ್ಲೇ ಹೊರಟೆವು. ನಾನು, ರೇಣುಕಾ, ಹನುಮಕ್ಕ, ಮಲ್ಲಣ್ಣ, ಸೀರೆಯ ಮಡಿಲಲ್ಲಿ ಪಂಪಿ. ಸಂಡೂರು ದಾಟಿದ ಮೇಲೆ ಬಸ್ಸು ನಿಂತಿತು. ಮುಂದೆ ಕಣ್ಣು ಹಾಯುವಷ್ಟು ದೂರ ಅದಿರಿನ ಲಾರಿಗಳು, ಎಲ್ಲೋ ಒಂದು ಕೆಸರಲ್ಲಿ ಹೂತಿತ್ತಂತೆ. ಒಂದು ಗಂಟೆಯಾಯಿತು. ಹಾಲಿನ ಹೊತ್ತಾಯಿತು. ರೇಣುಕಾ ಸೆರಗು ಮರೆಮಾಡಿಕೊಂಡು ಎಂದಿನ ಸ್ಟೀಲು ಡಬ್ಬಿಗೆ ಹಾಲು ಹಿಂಡಿದಳು. ಡಬ್ಬಿಯಲ್ಲಿ ಒಂದು ಗೀಟಿತ್ತು, ದಿನಾ ಅಲ್ಲಿಯ ತನಕ ಹಿಂಡುವುದು ಅವಳ ರೂಢಿ. ಹನುಮಕ್ಕ ಚೀಲದಿಂದ ಒಳಲೆ ತೆಗೆದಳು. ಹಳೆಯ ಹಿತ್ತಾಳೆ ಒಳಲೆ.

"ಬೆಳ್ಳಿದು ತರ್ಲಿಲ್ಲೇನಬೇ?" ಎಂದ ಮಲ್ಲಣ್ಣ.

"ಬಸ್ಸಿನಾಗ ಬೆಳ್ಳಿ ಯಾಕಪ? ಯಾರರ ಎಗರಿಸಿದ್ರ?"

ಒಂದು ಒಳಲೆ ಕುಡಿಸಿದಳು. ಎರಡು. ಮೂರನೆಯದು ತುಂಬಿಸಿದಾಗ ಡಬ್ಬಿ ಖಾಲಿಯಾಯಿತು. ಪಂಪಿ ಅದನ್ನೂ ಕುಡಿಯಿತು, ಬಾಯಿ ಮುಚ್ಚಿಕೊಂಡಿತು, ಅಜ್ಜಿಯ ತೋಳಿಗೆ ಮುಖ ಒತ್ತಿ ನಿದ್ದೆ ಹೋಯಿತು. ಹುಡುಕಲಿಲ್ಲ.

ಹನುಮಕ್ಕ ಖಾಲಿ ಡಬ್ಬಿಯನ್ನು ಅಲ್ಲಾಡಿಸಿ ನೋಡಿದಳು. "ಇವತ್ತ ಹಾಲು ಕಡಿಮಿ ಹಿಂಡಿದೇನೇ ರೇಣಿ?"

"ಇಲ್ಲಬೇ, ಗೀಟಿನ ತನಕ ಹಿಂಡೀನಿ. ದಿನದಷ್ಟಾ."

"ಮತ್ತ ಮೂರಕ್ಕ ಮುಗೀತಲ್ಲ! ದಿನಾ ಮೂರು ಕುಡಿಸಿದ್ರೂ ಅರ್ಧ ಡಬ್ಬಿ ಉಳೀತಿತ್ತು."

ಸ್ವಲ್ಪ ಹೊತ್ತು ನನಗೇನೂ ತಿಳಿಯಲಿಲ್ಲ. ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಆಮೇಲೆ ಚೀಲಕ್ಕೆ ಕೈ ಹಾಕಿದೆ. ಸಿರಿಂಜು ತೆಗೆದು, ಕುಡಿಯುವ ನೀರಿನಿಂದ ಹಿತ್ತಾಳೆ ಒಳಲೆಯನ್ನು ಅಳೆದೆ. ಹತ್ತು. ಮತ್ತೆ ಅಳೆದೆ. ಹತ್ತೇ.

"ಹನುಮಕ್ಕ, ಬೆಳ್ಳಿದು ಎಂದಿಂದ ಹಿಡಿದೀಯಬೇ?"

"ತೊಟ್ಲಕ್ಕ ಹಾಕಿದ ದಿನದಿಂದ ತಾಯಿ. ಸ್ವಾದರಮಾವ ತಂದಿದ್ದು ಬಿಟ್ಟು ಹಳೇದ್ರಾಗ ಕುಡಿಸಿದ್ರ ಛಲೋ ಅಲ್ಲ. ಇದನ್ನ ಗೂಡಿನಾಗ ಇಟ್ಟಿದ್ದೆ."

ತೊಟ್ಟಿಲ ದಿನದಿಂದ. ತೂಕ ನಿಂತದ್ದೂ ಅಂದಿನಿಂದಲೇ. ನಾನು ಮೂರು ವಾರ ತಕ್ಕಡಿಯನ್ನು, ಧೂಳನ್ನು, ತಾಯಿಯ ಹಾಲನ್ನು, ಕೊನೆಗೆ ಕೂಸಿನ ಹೃದಯವನ್ನು ಅನುಮಾನಿಸಿದ್ದೆ. ನನ್ನ ಮೂರನ್ನು ಮಾತ್ರ ಅನುಮಾನಿಸಿರಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಡಾಕ್ಟರು ಬೆಂಗಳೂರಿನ ಚೀಟಿ ಬರೆಯಲು ಪೆನ್ನು ತೆಗೆದಿದ್ದರು. "ಸರ್, ಮೂವತ್ತು ಅಂತ ನಾನು ಹೇಳಿದ್ದು ತಪ್ಪು," ಎಂದೆ. ಎಲ್ಲವನ್ನೂ ಹೇಳಿದೆ. ಮಲ್ಲಣ್ಣ, ರೇಣುಕಾ ಹೊರಗಿದ್ದರು. ಹನುಮಕ್ಕ ಕೂಸನ್ನು ಹೊತ್ತು ನನ್ನ ಹಿಂದೆಯೇ ನಿಂತಿದ್ದಳು. ಡಾಕ್ಟರು ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, "ನಾಲ್ಕು ದಿನ ಇಲ್ಲೇ ಇಟ್ಟು ಅಳತೆ ಮಾಡಿ ಕುಡಿಸಿ ನೋಡೋಣ," ಎಂದರು.

ನಾಲ್ಕು ದಿನಕ್ಕೆ ನೂರಾ ಇಪ್ಪತ್ತು ಗ್ರಾಮು ಏರಿತು. ಹೃದಯಕ್ಕೆ ಏನೂ ಆಗಿರಲಿಲ್ಲ. ಕೂಸು ಹಸಿದಿತ್ತು, ಅಷ್ಟೇ.

ಊರಿಗೆ ಬಂದ ದಿನ ಮಾಡಿದ ಮೊದಲ ಕೆಲಸ ಆ ಬೆಳ್ಳಿ ಒಳಲೆ ಅಳೆದದ್ದು. ಹನುಮಕ್ಕನ ಪಡಸಾಲೆಯಲ್ಲಿ ಕುಳಿತು ಬುಡದ ತನಕ ನೀರು ತುಂಬಿಸಿ ಸಿರಿಂಜಿಗೆ ಎಳೆದೆ. ಆರು ಎಮ್ಮೆಲ್. ಹೊರಗಿನಿಂದ ಎರಡೂ ಒಂದೇ ಗಾತ್ರ. ಬೆಳ್ಳಿಯದರ ಗೋಡೆ ಮಾತ್ರ ದಪ್ಪ, ಎಲ್ಲರೂ ಹೊಗಳಿದ ಭಾರವೆಲ್ಲ ಗೋಡೆಯಲ್ಲೇ ಇತ್ತು. ಮೂರು ಒಳಲೆ ಎಂದರೆ ಹದಿನೆಂಟು. ಎರಡು ಕಿಲೋ ದಾಟಿದ ಕೂಸಿಗೆ ಹುಟ್ಟಿದ ತಿಂಗಳಲ್ಲಿ ಕೊಡುತ್ತಿದ್ದದ್ದಕ್ಕಿಂತ ಕಡಿಮೆ ಹಾಲು ಕೊಡಿಸಿದ್ದೆ ನಾನು. ಅದು ಬಾಯಿ ತೆರೆದು ಕೇಳಿದಾಗ ಗದರಿಸಿ ಮುಚ್ಚಿಸಿದ್ದೆ. ಹನುಮಕ್ಕ ಆ ಸಿರಿಂಜನ್ನೂ ನನ್ನ ಮುಖವನ್ನೂ ನೋಡಿದಳು. ಎದ್ದು ಹಿತ್ತಲಿಗೆ ಹೋದಳು.

ಸಂಜೆ ಕೂಸನ್ನು ನೋಡಲು ಅಕ್ಕಪಕ್ಕದವರು ಬಂದು ಕೂಡಿದರು. ಏನಾಗಿತ್ತಂತ್ರಿ ಸಿಸ್ಟರ್, ಎಂದು ಯಾರೋ ಕೇಳಿದರು. ಹೇಳಬೇಕೆಂದೇ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಲ್ಲಣ್ಣ ನಡುವೆ ಬಂದು ನಿಂತ.

"ನಂದಾ ತಪ್ಪು," ಎಂದ. "ಬೆಳ್ಳಿ ಶೋಕಿಗೆ ಬಿದ್ದು ಸಣ್ಣ ಒಳ್ಳಿ ತಂದೆ. ಕೂಸು ಉಪವಾಸ ಬಿತ್ತು. ಸಿಸ್ಟರ್ ನೋಡಿ ಹಿಡದ್ರು ಅಂತ ಉಳೀತು."

ಊರು ಅವನನ್ನು ಸುಮ್ಮನೆ ಬಿಡಲಿಲ್ಲ. ವರ್ಷಗಟ್ಟಲೆ ಅವನಿಗೆ ಬೆಳ್ಳಿಮಾವ ಎಂದೇ ಹೆಸರಾಯಿತು. ಮದುವೆಮನೆಯಲ್ಲಿ, ಟೀ ಅಂಗಡಿಯಲ್ಲಿ, "ಏ ಬೆಳ್ಳಿಮಾವ, ಊಟ ಆತೇನ, ಇಲ್ಲ ನಿನ್ನ ಒಳ್ಳಿಲೆ ಬಡಿಸಬೇಕಾ?" ಎಂದು ನಗುತ್ತಿದ್ದರು. ಅವನೂ ಹಲ್ಲು ಕಿರಿಯುತ್ತಿದ್ದ. ನಾನು ಒಂದು ಮಾತೂ ಆಡಲಿಲ್ಲ. ಮೊದಲ ದಿನ ಮಾತು ಬಾಯಲ್ಲೇ ಉಳಿಯಿತು, ಎರಡನೆಯ ದಿನ ನಾಳೆ ಹೇಳಿದರಾಯಿತು ಎಂದುಕೊಂಡೆ, ಮೂರನೆಯ ದಿನದಿಂದ ಅದು ರೂಢಿಯಾಯಿತು. ನಾನು ಹೇಡಿಯಾದೆ, ಬೇರೆ ಮಾತಿಲ್ಲ. ಆಮೇಲೆ ನಾಲ್ಕು ವರ್ಷ ಆ ಊರಲ್ಲಿದ್ದೆ. ಒಂದು ಕೂಸಿಗೂ ಲಸಿಕೆ ತಪ್ಪಲಿಲ್ಲ, ಬಸುರಿಯರು ಕರೆಯುವ ಮೊದಲೇ ಬರುತ್ತಿದ್ದರು. ಸಂಡೂರಿನ ಸಭೆಯಲ್ಲಿ ಅದಕ್ಕಾಗಿ ನನ್ನನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ್ದೂ ಉಂಟು. ಜನರಿಗೆ ನನ್ನ ಮೇಲೆ ಅಷ್ಟು ನಂಬಿಕೆ, ನನ್ನ ಕೆಲಸ ಹಾಗಿದೆ, ಎಂದುಕೊಂಡು ಬೀಗಿದ್ದೆ.

ಈಗ ಪಂಪಿ ಸಂಡೂರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ, ನನಗಿಂತ ಎತ್ತರ. ಹನುಮಕ್ಕ ಹೋಗಿ ಆರು ವರ್ಷವಾಯಿತು.

ಬೆಳ್ಳಿ ಅಂಗಡಿಯಲ್ಲಿ ನಾಲ್ಕನೆಯ ಒಳಲೆ ಅಳೆಯುತ್ತಿದ್ದಾಗ ಸಿರಿಂಜನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ.

"ಮಲ್ಲಣ್ಣ, ಆವತ್ತು ತಪ್ಪು ನಿಂದಲ್ಲ. ಮೂರು ಅಂತ ಹೇಳಿದಾಕಿ ನಾನು. ನಿಮ್ಮವ್ವ ಇನ್ನೊಂದು ಹಾಕ್ಲೇನು ಅಂದಾಗ ಬೈದಾಕಿನೂ ನಾನಾ."

"ಗೊತ್ತೈತ್ರಿ," ಎಂದ ಮಲ್ಲಣ್ಣ.

"ಏನು ಗೊತ್ತೈತಿ?"

ಅವನು ಐದನೆಯ ಒಳಲೆಯನ್ನು ನನ್ನ ಕಡೆ ಸರಿಸಿದ. "ಆಸ್ಪತ್ರಿಯಿಂದ ಬಂದ ದಿನ ಅವ್ವ ಹಿತ್ತಲಕ್ಕ ಕರದು ಎಲ್ಲಾ ಹೇಳಿದ್ಲು. ಸಿಸ್ಟರ್ ತಪ್ಪು ಅಂತ ಊರಾಗ ಎದ್ರ ನಾಳಿಂದ ಯಾರೂ ಕೂಸಿಗೆ ಸೂಜಿ ಹಾಕ್ಸಂಗಿಲ್ಲ, ಆಕಿ ಮಾತು ಕೇಳಂಗಿಲ್ಲ. ನಿನ್ನ ಹೆಸರು ಕೆಟ್ರ ಟಿಪ್ಪರ್ ಏನು ನಿಂದ್ರಂಗಿಲ್ಲ. ನೀ ಹೊತ್ಕೋ ಅಂದ್ಲು. ಹೊತ್ಕಂಡೆ."

ಇಷ್ಟು ಹೇಳಿ ಅವನು ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟ. ನನಗೆ ಚಪ್ಪಾಳೆ ತಟ್ಟಿಸಿದ ಆ ಸಭೆ ನೆನಪಾಯಿತು. ನಾಚಿಕೆಯೋ ದುಃಖವೋ ಸಮಾಧಾನವೋ, ಒಂದೂ ಬಗೆಹರಿಯಲಿಲ್ಲ. ಐದನೆಯದನ್ನೂ ಅಳೆದೆ. ಹತ್ತು ಎಮ್ಮೆಲ್ ಹಿಡಿದದ್ದು ಐದರಲ್ಲಿ ಒಂದೇ, ಎಲ್ಲಕ್ಕಿಂತ ತೆಳುವಾದದ್ದು, ಎಲ್ಲಕ್ಕಿಂತ ಹಗುರಾದದ್ದು.

"ಇದನ್ನ ಕಟ್ಟಪ," ಎಂದ ಮಲ್ಲಣ್ಣ. ಆಮೇಲೆ ನನ್ನ ಕಡೆ ತಿರುಗಿದ. "ಮಗಳಿಗೆ ಎಷ್ಟಂತ ಹೇಳ್ಲಿ ಸಿಸ್ಟರ್?"

"ಎಷ್ಟೂ ಅಂತ ಹೇಳಬ್ಯಾಡ," ಎಂದೆ. "ಕೂಸು ತಾನಾ ಬಾಯಿ ಮುಚ್ಚೂ ತನಕ ಅಂತ ಹೇಳು."